ಹಳೆಯ ಚೈನ್‌ಸಾಗಳ ದುರಸ್ತಿ, ಹೋಲಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಕಡೆಯ ನಾನು ಅಮೆರಿಕದ ಆರೆಗನ್ ರಾಜ್ಯಕ್ಕೆ ಬಂದು ಹದಿನೆಂಟು ವರ್ಷವಾಯಿತು. ಮನೆಯ ಗ್ಯಾರೇಜಿನಲ್ಲಿ ಇಪ್ಪತ್ತಮೂರು ಹಳೆಯ ಚೈನ್‌ಸಾಗಳಿವೆ. ಕಾರು ಹೊರಗೆ ಮಳೆಯಲ್ಲಿ ನಿಲ್ಲುತ್ತದೆ. ಊರಿನಿಂದ ಬಂದವರು, ಇಲ್ಲಿನ ಕನ್ನಡದ ಗೆಳೆಯರು, ಕಾಫಿ ತೋಟವಿರುವ ಬಂಧುಗಳು ಎಲ್ಲರೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಪ್ರತಿ ಸಲವೂ ನನ್ನ ಉತ್ತರ ಸ್ವಲ್ಪ ಉದ್ದವಾಗುತ್ತಾ ಹೋಗುತ್ತಿದೆ. ಒಮ್ಮೆ ಬರೆದಿಟ್ಟುಬಿಟ್ಟರೆ ಕೇಳುವವರಿಗೂ ಕ್ಷೇಮ.

ಮರ ಕೊಯ್ಯುವ ಯಂತ್ರದಲ್ಲಿ ಹವ್ಯಾಸ ಮಾಡಿಕೊಳ್ಳುವಂಥದ್ದು ಏನಿದೆ?

ಹಳೆಯ ಯೆಜ್ಡಿ ಬೈಕನ್ನು ಬಿಚ್ಚಿ ಜೋಡಿಸುವವರಿಗೆ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಚೈನ್‌ಸಾ ಕೂಡ ಅದೇ ಜಾತಿಯ ಎರಡು ಸ್ಟ್ರೋಕಿನ ಎಂಜಿನ್. ಒಂದು ಸಿಲಿಂಡರ್, ಒಂದು ಪಿಸ್ಟನ್, ಒಂದು ಕಾರ್ಬ್ಯುರೇಟರ್, ಕಿಡಿಗೆ ವಿದ್ಯುತ್ ಹುಟ್ಟಿಸುವ ಒಂದು ಮ್ಯಾಗ್ನೆಟೊ. ಬಿಚ್ಚಿದರೆ ಇಡೀ ಯಂತ್ರ ಊಟದ ಮೇಜಿನ ಮೇಲೆ ಹಿಡಿಸುತ್ತದೆ. (ಈಗ ನನಗೆ ಆ ಮೇಜಿನ ಮೇಲೆ ಅನುಮತಿ ಇಲ್ಲ, ಅದು ಬೇರೆ ಮಾತು.) ಬೈಕಿಗೆ ಬೇಕಾದಷ್ಟು ಜಾಗ ಬೇಡ, ಅಷ್ಟು ಹಣವೂ ಬೇಡ. ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಯಂತ್ರ ಹಗ್ಗ ಎಳೆದ ಐದನೆಯ ಸಲಕ್ಕೆ ನೀಲಿ ಹೊಗೆ ಕಾರಿ ಗುಡುಗಿದಾಗ ಆಗುವ ಖುಷಿ ಮಾತ್ರ ಬೈಕಿನಷ್ಟೇ ದೊಡ್ಡದು.

ಎಷ್ಟು ಹಳೆಯದಾದರೆ ವಿಂಟೇಜ್?

ಒಬ್ಬೊಬ್ಬರದು ಒಂದೊಂದು ಗೆರೆ. ನನ್ನದು ಹೀಗೆ: ಚೈನ್ ಬ್ರೇಕ್ (ಯಂತ್ರ ಒದೆದಾಗ ಚೈನನ್ನು ಹಿಡಿದು ನಿಲ್ಲಿಸುವ ಭಾಗ) ಇಲ್ಲದ, ಕಿಡಿಗೆ ಇನ್ನೂ ಪಾಯಿಂಟನ್ನೇ (ತೆರೆದು ಮುಚ್ಚಿ ಕಿಡಿ ಎಬ್ಬಿಸುವ ಲೋಹದ ಸಂಪರ್ಕ) ನಂಬಿಕೊಂಡಿರುವ ಯಂತ್ರ. ಸ್ಟೀಲ್ ಮತ್ತು ಹಸ್ಕ್‌ವರ್ನಾ ಕಂಪನಿಗಳು ಚೈನ್ ಬ್ರೇಕನ್ನು 1970ರ ದಶಕದ ಮೊದಲ ವರ್ಷಗಳಲ್ಲಿ ತಂದವು. ಆದ್ದರಿಂದ ಸುಮಾರಾಗಿ 1975ಕ್ಕಿಂತ ಹಿಂದಿನವು ಎಂದುಕೊಳ್ಳಿ.

ಯಾವ ಕಂಪನಿಗಳ ಯಂತ್ರಗಳು ಸಿಗುತ್ತವೆ? ಅವುಗಳ ಹಿನ್ನೆಲೆ ಏನು?

ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ (ಇದು ಮನುಷ್ಯನ ಹೆಸರು, ಉಕ್ಕಲ್ಲ) 1926ರಲ್ಲಿ ತಯಾರಿಸಿದ ಮೊದಲ ವಿದ್ಯುತ್ ಚೈನ್‌ಸಾ 48 ಕಿಲೋ ತೂಗುತ್ತಿತ್ತು, ಹಿಡಿಯಲು ಇಬ್ಬರು ಬೇಕಿತ್ತು. 1927ರಲ್ಲಿ ಎಮಿಲ್ ಲೆರ್ಪ್ ಎಂಬಾತ ಥುರಿಂಗಿಯಾದ ಡೋಲ್ಮಾರ್ ಗುಡ್ಡದಲ್ಲಿ ತನ್ನ ಪೆಟ್ರೋಲ್ ಯಂತ್ರವನ್ನು ಪರೀಕ್ಷಿಸಿ, ಗುಡ್ಡದ ಹೆಸರನ್ನೇ ಕಂಪನಿಗೆ ಇಟ್ಟ. ಅದರ ತೂಕ 58 ಕಿಲೋ. ಅಂದರೆ ಒಂದು ಮೂಟೆ ಭತ್ತವನ್ನು ಇಬ್ಬರು ಅಡ್ಡ ಹಿಡಿದುಕೊಂಡು ಮರ ಕೊಯ್ದಂತೆ. ಮುಂದಿನ ಮೂವತ್ತು ವರ್ಷಗಳ ಚೈನ್‌ಸಾ ಚರಿತ್ರೆಯೆಲ್ಲ ತೂಕ ಇಳಿಸಿದ ಕಥೆ.

ಅಮೆರಿಕದಲ್ಲಿ ಈ ಓಟಕ್ಕೆ ಇಳಿದವನು ರಾಬರ್ಟ್ ಮೆಕಲಕ್. ಅವನ ಕಂಪನಿ 1949ರಲ್ಲಿ 3-25 ಎಂಬ ಮಾದರಿಯನ್ನು ತಂದಿತು. ತೂಕ 25 ಪೌಂಡು, ಒಬ್ಬನೇ ಎತ್ತಿ ಕೆಲಸ ಮಾಡಬಹುದಿತ್ತು. ಜರ್ಮನಿಯ ಸ್ಟೀಲ್ ಕಂಪನಿ 1950ರಲ್ಲಿ ಒಬ್ಬನೇ ಹಿಡಿಯುವ 16 ಕಿಲೋ ಯಂತ್ರವನ್ನೂ, 1959ರಲ್ಲಿ ಕಾಂಟ್ರಾ ಎಂಬ 12 ಕಿಲೋ ಯಂತ್ರವನ್ನೂ ತಂದಿತು. ಕಾಂಟ್ರಾದಲ್ಲಿ ಗೇರ್ ಇಲ್ಲ, ಎಂಜಿನ್ನಿನ ವೇಗ ನೇರವಾಗಿ ಚೈನಿಗೆ ಹೋಗುತ್ತದೆ. ಅದೇ 1959ರಲ್ಲಿ ಸ್ವೀಡನ್ನಿನ ಹಸ್ಕ್‌ವರ್ನಾ ತನ್ನ ಮೊದಲ ಚೈನ್‌ಸಾ ಮಾಡಿತು. ಅದಕ್ಕೆ ಮೊದಲು ಆ ಕಂಪನಿ ಕೋವಿ, ಹೊಲಿಗೆ ಯಂತ್ರ, ಬೈಕು ಎಲ್ಲವನ್ನೂ ಮಾಡಿತ್ತು. ಇನ್ನು 1963ರ ಹೋಮ್‌ಲೈಟ್ ಎಕ್ಸ್‌ಎಲ್-12. ಬಾರ್ (ಚೈನ್ ಸುತ್ತುವ ಉದ್ದನೆಯ ಲೋಹದ ಪಟ್ಟಿ), ಚೈನ್ ಬಿಟ್ಟರೆ 12 ಪೌಂಡು, ಐದೂವರೆ ಕಿಲೋ. ಹೆಸರಿನಲ್ಲಿರುವ ಹನ್ನೆರಡು ಆ ತೂಕವೇ. ರೈತನ ಜೀಪಿನ ಹಿಂದೆ ಚೈನ್‌ಸಾ ಸದಾ ಬಿದ್ದಿರುವಂತಾದದ್ದು ಇಂಥ ಯಂತ್ರಗಳಿಂದ.

ಮೆಕಲಕ್‌ನ ಬಗ್ಗೆ ಒಂದು ಅಡ್ಡಮಾತು. ಅವನು ಅರಿಜೋನಾದ ಮರುಭೂಮಿಯಲ್ಲಿ ಲೇಕ್ ಹವಾಸು ಸಿಟಿ ಎಂಬ ಊರನ್ನೇ ಕಟ್ಟಿದ, ಚೈನ್‌ಸಾ ಕಾರ್ಖಾನೆಯನ್ನೂ ಅಲ್ಲಿಗೆ ತಂದ. ಊರಿಗೆ ಜನ ಬರಲಿ ಎಂದು 1968ರಲ್ಲಿ ಲಂಡನ್ ಸೇತುವೆಯನ್ನು 24 ಲಕ್ಷ 60 ಸಾವಿರ ಡಾಲರಿಗೆ ಕೊಂಡು, ಹೊರಮೈಯ ಕಲ್ಲುಗಳಿಗೆ ನಂಬರು ಹಾಕಿಸಿ ಸಾಗಿಸಿ, ಮರಳಿನ ನಡುವೆ ಮತ್ತೆ ನಿಲ್ಲಿಸಿದ. ಅಂಥ ಮನುಷ್ಯನ ಕಂಪನಿ 1999ರಲ್ಲಿ ದಿವಾಳಿಯಾಯಿತು. ಸೇತುವೆ ಈಗಲೂ ನಿಂತಿದೆ, ಹಳದಿ ಬಣ್ಣದ ಯಂತ್ರಗಳು ನನ್ನಂಥವರ ಗ್ಯಾರೇಜಿನಲ್ಲಿವೆ.

ಕೆನಡಾದ ಪಯೊನಿಯರ್, ಲೂಸಿಯಾನಾದ ಪೋಲನ್, ಸ್ವೀಡನ್ನಿನ ಯೋನ್ಸೆರೆಡ್ ಮತ್ತು ಪಾರ್ಟ್‌ನರ್ ಇವೂ ಒಳ್ಳೆಯವೇ. ಒಂದೊಂದರ ಬಗ್ಗೆ ಬರೆಯುತ್ತಾ ಹೋದರೆ ಇಲ್ಲಿಗೆ ಮುಗಿಯುವುದಿಲ್ಲ.

ಮೊದಲ ಯಂತ್ರವಾಗಿ ಯಾವುದನ್ನು ಕೊಳ್ಳಲಿ?

ಎಲ್ಲರೂ ಕೊಂಡದ್ದನ್ನೇ ಕೊಳ್ಳಿ. ಹೋಮ್‌ಲೈಟ್ ಎಕ್ಸ್‌ಎಲ್-12 ಅಥವಾ ಸೂಪರ್ ಎಕ್ಸ್‌ಎಲ್, ಇಲ್ಲವೇ ಮೆಕಲಕ್ 10-10. ಲೆಕ್ಕವಿಲ್ಲದಷ್ಟು ತಯಾರಾದವು, ಆದ್ದರಿಂದ ಬಿಡಿಭಾಗ ಸಿಗುತ್ತದೆ, ಕೆಡಿಸಿಕೊಂಡರೂ ಎದೆ ಒಡೆಯುವುದಿಲ್ಲ. ನಾನು ಮೊದಲು ಕೊಂಡದ್ದು ಯಾರೂ ಹೆಸರು ಕೇಳದ, ಗೇರ್ ಇರುವ ಒಂದು ದೈತ್ಯ ಯಂತ್ರವನ್ನು. ಅಪರೂಪದ್ದು ಎಂದು ಬೀಗಿದೆ. ಅದರ ಒಂದು ಸೀಲು ಹುಡುಕಲು ಎರಡು ವರ್ಷ ಹಿಡಿಯಿತು. ಅಪರೂಪವೆಂದರೆ ಅದರ ಭಾಗಗಳೂ ಅಪರೂಪ ಎನ್ನುವುದು ಕೊಂಡಮೇಲೆ ಹೊಳೆಯಿತು.

ಕೊಳ್ಳುವಾಗ ಏನು ನೋಡಬೇಕು?

ಹಗ್ಗದ ಹಿಡಿಕೆಯಿಂದ ಯಂತ್ರವನ್ನು ತೂಗುಹಾಕಿ. ನಿಧಾನವಾಗಿ, ತಡೆದು ತಡೆದು ಕೆಳಗಿಳಿದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಇದೆ. ಬಾವಿಗೆ ಬಿಟ್ಟ ಕೊಡದಂತೆ ಸರ್ರನೆ ಇಳಿದರೆ ಬೆಲೆ ಅರ್ಧಕ್ಕೆ ಕೇಳಿ. ಎಳೆದರೂ ಬಾರದಿದ್ದರೆ ಒಳಗೆ ಅಂಟಿಕೊಂಡಿದೆ.

ಸಾಧ್ಯವಾದರೆ ಸೈಲೆನ್ಸರಿನ ಎರಡು ಬೋಲ್ಟು ಬಿಚ್ಚಿ ಟಾರ್ಚ್ ಹಿಡಿದು ಪಿಸ್ಟನ್ ನೋಡಿ. ಮೈ ನುಣುಪಾಗಿದ್ದು, ಅಲ್ಲಲ್ಲಿ ಕಂದು ಕಲೆ ಇದ್ದರೆ ಚಿಂತೆಯಿಲ್ಲ. ಮೇಲಿಂದ ಕೆಳಗೆ ಉದ್ದುದ್ದ ಗೀರು ಇದ್ದರೆ ಆ ಎಂಜಿನ್ ಎಂದೋ ಒಮ್ಮೆ ಎಣ್ಣೆ ಸಾಲದೆ ನರಳಿದೆ. ಮಾರುವವನು ಇದಕ್ಕೆ ಒಪ್ಪದಿದ್ದರೆ ಅದೂ ಒಂದು ಉತ್ತರವೇ.

"ಕಳೆದ ವರ್ಷ ಓಡುತ್ತಿತ್ತು" ಎನ್ನುವ ಮಾತಿಗೆ ಬೆಲೆ ಕಟ್ಟಬೇಡಿ. ಈ ಊರಿನ ಎಲ್ಲ ಚೈನ್‌ಸಾಗಳೂ ಕಳೆದ ವರ್ಷ ಓಡುತ್ತಿದ್ದವೇ.

ತಂದಿದ್ದೇನೆ, ಸ್ಟಾರ್ಟ್ ಆಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ಈ ಹವ್ಯಾಸದಲ್ಲಿ ನಡೆಯುವಷ್ಟು ಬೇರೆಲ್ಲೂ ನಡೆಯುವುದಿಲ್ಲ. ಇಂಧನದ ಪೈಪು ಬಿರುಕು ಬಿಟ್ಟಿರುತ್ತದೆ, ಪಿಸ್ಟನ್ ಬದಲಿಸುತ್ತಾರೆ. ಹಳೆಯ ಚೈನ್‌ಸಾದಲ್ಲಿ ಲೋಹ ಕೆಡುವುದು ಅಪರೂಪ. ಕೆಡುವುದು ರಬ್ಬರು, ಕೂರುವುದು ಕೊಳೆ. ಇಪ್ಪತ್ತಮೂರರಲ್ಲಿ ನಾನು ಪಿಸ್ಟನ್ ಬದಲಿಸಿದ್ದು ಮೂರಕ್ಕೆ ಮಾತ್ರ; ರಬ್ಬರನ್ನು ಬದಲಿಸದೆ ಬಿಟ್ಟದ್ದು ಒಂದೂ ಇಲ್ಲ.

ಹಾಗಾಗಿ ಮೊದಲು ಕಿಡಿ ನೋಡಿ. ಪ್ಲಗ್ ಬಿಚ್ಚಿ, ಅದರ ಲೋಹವನ್ನು ಸಿಲಿಂಡರಿನ ಮೈಗೆ ತಾಗಿಸಿ ಹಗ್ಗ ಎಳೆಯಿರಿ. ಪ್ಲಗ್ಗಿನ ತೂತಿನಿಂದ ದೂರ ಹಿಡಿಯಿರಿ, ಅಲ್ಲಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ. ಆಮೇಲೆ ಕಂಪ್ರೆಷನ್ ಗೇಜ್ ಹಾಕಿ ಎಕ್ಸಲರೇಟರ್ ಪೂರ್ತಿ ಒತ್ತಿ ಐದಾರು ಸಲ ಎಳೆಯಿರಿ. 150 ಪಿಎಸ್‌ಐ (ಒತ್ತಡದ ಅಳತೆ) ಬಂದರೆ ಸಿಹಿ ಹಂಚಿ. 120ರ ಆಸುಪಾಸಿನಲ್ಲಿಯೂ ಬಹಳಷ್ಟು ಹಳೆಯವು ಓಡುತ್ತವೆ. 100ಕ್ಕಿಂತ ಕೆಳಗಿದ್ದರೆ ಪಿಸ್ಟನ್ನಿನ ಉಂಗುರಗಳನ್ನು ನೋಡಬೇಕು. ಇವೆರಡೂ ಸರಿಯಿದ್ದರೆ ಎಣ್ಣೆ ಬೆರೆಸಿದ ಪೆಟ್ರೋಲನ್ನು ಅರ್ಧ ಚಮಚ ಕಾರ್ಬ್ಯುರೇಟರಿನ ಬಾಯಿಗೆ ಹಾಕಿ ಎಳೆಯಿರಿ. ಎರಡು ಸೆಕೆಂಡ್ ಓಡಿ ನಿಂತಿತೇ? ರೋಗ ಸಿಕ್ಕಿತು. ಪೆಟ್ರೋಲ್ ತಾನಾಗಿ ಬರುತ್ತಿಲ್ಲ, ಅಷ್ಟೆ.

ಕಾರ್ಬ್ಯುರೇಟರ್ ಬಿಚ್ಚಲು ಹೆದರಿಕೆ. ಒಳಗೆ ಏನಿದೆ?

ಹಳೆಯ ಸ್ಕೂಟರ್ ಓಡಿಸಿದವರಿಗೆ ಗೊತ್ತಿರುತ್ತದೆ, ಬೆಳಿಗ್ಗೆ ಹಟ ಹಿಡಿದರೆ ಅದನ್ನು ಒಂದು ಪಕ್ಕಕ್ಕೆ ವಾಲಿಸಿ ಆಮೇಲೆ ಕಿಕ್ ಹೊಡೆಯುತ್ತಿದ್ದೆವು. ವಾಲಿಸಿದರೆ ಫ್ಲೋಟ್ (ಪೆಟ್ರೋಲಿನ ಮೇಲೆ ತೇಲುವ ಪುಟ್ಟ ಬುರುಡೆ) ಇರುವ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ತುಳುಕುತ್ತದೆ. ಚೈನ್‌ಸಾಗೆ ಇದೇ ಮೊದಲು ತೊಡಕಾಗಿತ್ತು. ಫ್ಲೋಟ್ ಇದ್ದ ಯಂತ್ರವನ್ನು ಅಡ್ಡ ಹಿಡಿದರೆ ನಿಂತುಹೋಗುತ್ತಿತ್ತು. ಅದಕ್ಕಾಗಿ ಎಂಜಿನ್ ನೆಟ್ಟಗಿದ್ದು ಬಾರ್ ಮಾತ್ರ ತಿರುಗುವ ಹಾಗೆ ಮಾಡಿದ ಯಂತ್ರಗಳಿದ್ದವು. ಟಿಲ್ಲಟ್‌ಸನ್ ಕಂಪನಿಯ ಕಾರ್ಬ್ಯುರೇಟರಿನಂಥವು ಫ್ಲೋಟಿನ ಜಾಗದಲ್ಲಿ ತೆಳುವಾದ ರಬ್ಬರಿನ ಡಯಾಫ್ರಮ್ ಇಟ್ಟ ಮೇಲೆ ತಲೆಕೆಳಗಾಗಿ ಹಿಡಿದರೂ ಎಂಜಿನ್ ಓಡತೊಡಗಿತು. ಕ್ರ್ಯಾಂಕ್ ಕೇಸಿನ ಒಳಗೆ ಪಿಸ್ಟನ್ ಮೇಲೆ ಕೆಳಗೆ ಹೋದಂತೆ ಏಳುವ ಒತ್ತಡದ ಮಿಡಿತವೇ ಒಂದು ಡಯಾಫ್ರಮನ್ನು ಬಡಿದು ಪೆಟ್ರೋಲನ್ನು ಪಂಪ್ ಮಾಡುತ್ತದೆ. ಇನ್ನೊಂದು ಡಯಾಫ್ರಮ್ ಸೂಜಿಯನ್ನು ಎತ್ತಿ ಎಷ್ಟು ಬಿಡಬೇಕೋ ಅಷ್ಟು ಬಿಡುತ್ತದೆ. ಬೇರೆ ಪಂಪಿಲ್ಲ, ಮೋಟಾರಿಲ್ಲ.

ನಾನು ಇಪ್ಪತ್ತು ಡಾಲರಿಗೆ ತಂದ ಎಕ್ಸ್‌ಎಲ್-12ರ ಕಥೆ ಹೇಳುತ್ತೇನೆ. ಮಾರಿದಾತ ತನ್ನ ಅಪ್ಪನ ಶೆಡ್ಡು ಖಾಲಿ ಮಾಡುತ್ತಿದ್ದ. ಫ್ಲೈವೀಲಿನ ಮುಚ್ಚಳ ತೆಗೆದಾಗ ಇಲಿ ಕಟ್ಟಿದ್ದ ಗೂಡು, ಅದರ ತುಂಬ ಹೊಟ್ಟು, ಹತ್ತಿ, ಯಾರದೋ ಹಳೆಯ ರಸೀತಿಯ ಚೂರು. ಕಾರ್ಬ್ಯುರೇಟರಿನ ನಾಲ್ಕು ಸ್ಕ್ರೂ ಬಿಚ್ಚಿ ತಟ್ಟೆ ಎತ್ತಿದೆ. ಡಯಾಫ್ರಮ್ ಬೆರಳಲ್ಲಿ ಬಾಗಲಿಲ್ಲ, ಸುಟ್ಟ ಹಪ್ಪಳದ ಹಾಗೆ ಚಟ್ಟನೆ ಮುರಿಯಿತು. ಅದರ ಕೆಳಗೆ ಪೆಟ್ರೋಲ್ ಒಣಗಿ ಬೆಲ್ಲದ ಪಾಕದ ಬಣ್ಣದ ಅಂಟಾಗಿತ್ತು, ಸೂಜಿ ಆ ಅಂಟಿನಲ್ಲೇ ಹೂತಿತ್ತು. ಜಾಲರಿಯಂತಿರುವ ಚಿಕ್ಕ ಸೋಸುಗವನ್ನು ಬೆಳಕಿಗೆ ಹಿಡಿದರೆ ಬೆಳಕು ಬರಲಿಲ್ಲ. ತೊಳೆದು, ಗಾಳಿ ಊದಿ, ಡಯಾಫ್ರಮ್, ಗ್ಯಾಸ್ಕೆಟ್‌ಗಳ ಹೊಸ ಕಿಟ್ ಹಾಕಿದೆ. ಗ್ಯಾಸ್ಕೆಟ್ ಮೊದಲೋ ಡಯಾಫ್ರಮ್ ಮೊದಲೋ ಎನ್ನುವುದು ಪಂಪಿನ ಕಡೆ ಒಂದು ರೀತಿ, ಸೂಜಿಯ ಕಡೆ ಇನ್ನೊಂದು ರೀತಿ. ಬಿಚ್ಚುವಾಗಲೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳದಿದ್ದರೆ ನನ್ನ ಹಾಗೆ ಮೂರು ಸಲ ಬಿಚ್ಚುತ್ತೀರಿ. ಕೊನೆಗೆ ಸೂಜಿಯನ್ನು ಎತ್ತುವ ಸನ್ನೆಕೋಲಿನ ಎತ್ತರ ನೋಡಿಕೊಳ್ಳಿ. ಕೂದಲೆಳೆ ಹೆಚ್ಚಾದರೆ ಪೆಟ್ರೋಲ್ ಉಕ್ಕುತ್ತದೆ, ಕಡಿಮೆಯಾದರೆ ಎಂಜಿನ್ ಹಸಿದು ಬಿಸಿಯಾಗುತ್ತದೆ.

ಕಿಟ್ ಜೊತೆಗೆ ಟ್ಯಾಂಕಿನೊಳಗಿನ ಪೈಪು, ಅದರ ತುದಿಯ ಫಿಲ್ಟರ್, ಟ್ಯಾಂಕಿಗೆ ಗಾಳಿ ಬಿಡುವ ಪುಟ್ಟ ರಬ್ಬರ್ ಕವಾಟ ಇವನ್ನೂ ಬದಲಿಸಿ. ಆ ಕವಾಟ ಮುಚ್ಚಿಕೊಂಡರೆ ಯಂತ್ರ ಹತ್ತು ನಿಮಿಷ ಓಡಿ ನಿಲ್ಲುತ್ತದೆ, ಟ್ಯಾಂಕಿನ ಮುಚ್ಚಳ ತೆಗೆದರೆ ಉಸ್ ಎಂದು ಮತ್ತೆ ಓಡುತ್ತದೆ. ಇದನ್ನು ಗೊತ್ತುಮಾಡಿಕೊಳ್ಳದೆ ಒಂದು ವಾರ ಕಳೆದವನು ನಾನು.

ಕಿಡಿಯೇ ಇಲ್ಲ. ಕಾಯಿಲ್ ಹೋಗಿದೆಯೇ?

ಬಹುಶಃ ಇಲ್ಲ. ಪಾಯಿಂಟಿನ ಮುಖಕ್ಕೆ ಬೂದು ಪೊರೆ ಕಟ್ಟಿರುತ್ತದೆ. ಸಣ್ಣ ಅರದಿಂದ ಒಂದೆರಡು ಸಲ ಉಜ್ಜಿ, ಮದ್ಯಸಾರದಲ್ಲಿ ಅದ್ದಿದ ಗಟ್ಟಿ ಕಾಗದ ತೂರಿಸಿ ಒರೆಸಿ. ಫೀಲರ್ ಗೇಜಿನಿಂದ 0.015 ಇಂಚಿನ ಸಂದು ಬಿಡಿ. ಬಹಳಷ್ಟು ಮಾದರಿಗಳಿಗೆ ಅದು ಹೊಂದುತ್ತದೆ, ಕೈಪಿಡಿ ಇದ್ದರೆ ಅದರ ಮಾತು ಕೇಳಿ. ಪಾಯಿಂಟ್ ತಲುಪಲು ಫ್ಲೈವೀಲ್ ತೆಗೆಯಬೇಕು. ಪಿಸ್ಟನ್ ಅಲುಗದಂತೆ ಪ್ಲಗ್ಗಿನ ತೂತಿನಲ್ಲಿ ಒಂದು ಮೊಳ ಹಗ್ಗ ತುರುಕಿ ನಟ್ ಬಿಚ್ಚಿ. ಫ್ಲೈವೀಲಿನ ರೆಕ್ಕೆಗಳಿಗೆ ಸುತ್ತಿಗೆ ತಾಗಿಸಬೇಡಿ, ಮುರಿದರೆ ಅಂಟಿಸುವುದಕ್ಕಿಲ್ಲ. ಆಚೆ ಬದಿಯ ಕ್ಲಚ್ ಬಹುತೇಕ ಎಡಮರೆಯದು, ಅಂದರೆ ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಇದನ್ನು ಮರೆತು ಉದ್ದನೆಯ ಪೈಪು ಹಾಕಿ ಎಳೆದವರ ಗುಂಪಿನಲ್ಲಿ ನಾನೂ ಇದ್ದೇನೆ.

ಸಿಲಿಂಡರಿನಲ್ಲಿ ಗೀರು ಬಿದ್ದಿದೆ. ಎಸೆಯಬೇಕೇ?

ಬೆರಳುಗುರಿನಿಂದ ಸವರಿ ನೋಡಿ. ಕ್ರೋಮ್ ಅಥವಾ ನಿಕಾಸಿಲ್ ಲೇಪನದ ಸಿಲಿಂಡರಿನಲ್ಲಿ ಗೀರಿನಂತೆ ಕಾಣುವುದು ಹಲವು ಸಲ ಗೀರಲ್ಲ, ಪಿಸ್ಟನ್ನಿನಿಂದ ಕರಗಿ ಮೆತ್ತಿಕೊಂಡ ಅಲ್ಯೂಮಿನಿಯಂ. ಹತ್ತಿಯ ತುದಿಗೆ ಹೈಡ್ರೋಕ್ಲೋರಿಕ್ ಆಮ್ಲ ತಾಗಿಸಿ, ಆ ಮೆತ್ತಿದ ಜಾಗಕ್ಕಷ್ಟೇ ಹಚ್ಚಿದರೆ ನೊರೆ ಬರುತ್ತದೆ. ನೊರೆ ನಿಂತರೆ ಅಲ್ಯೂಮಿನಿಯಂ ಹೋಯಿತು, ನೀರಿನಲ್ಲಿ ತೊಳೆಯಿರಿ. ಲೇಪನ ಕಿತ್ತುಹೋದ ಜಾಗಕ್ಕೆ ತಾಗಿದರೆ ಆಮ್ಲ ಸಿಲಿಂಡರನ್ನೇ ತಿನ್ನುತ್ತದೆ. ಹೊರಮೈಯ ಮೆಗ್ನೀಸಿಯಂ ಕೇಸಿಗೆ ತಾಗಿದರೆ ಇನ್ನೂ ಕೆಟ್ಟದು. ಬಯಲಿನಲ್ಲಿ, ಕೈಗವಸು, ಕನ್ನಡಕ ಹಾಕಿಕೊಂಡು ಮಾಡುವ ಕೆಲಸ.

ಅದಕ್ಕಿಂತ ಮುಖ್ಯ: ಗೀರು ಯಾಕೆ ಬಿತ್ತು? ಈ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೆ ಮಾತ್ರ. ಕ್ರ್ಯಾಂಕಿನ ಸೀಲು ಗಟ್ಟಿಯಾಗಿ ಅಲ್ಲಿಂದ ಗಾಳಿ ಒಳಗೆ ನುಗ್ಗಿದರೆ ಪೆಟ್ರೋಲ್ ತೆಳುವಾಗುತ್ತದೆ, ಎಣ್ಣೆಯೂ ತೆಳುವಾಗುತ್ತದೆ. ಸೀಲು ಬದಲಿಸದೆ ಹೊಸ ಪಿಸ್ಟನ್ ಹಾಕಿದರೆ ಅದಕ್ಕೂ ಅದೇ ಗತಿ. ಎಕ್ಸಾಸ್ಟ್ ಮತ್ತು ಇಂಟೇಕ್ ಬಾಯಿಗಳನ್ನು ರಬ್ಬರ್ ಹಾಳೆಯಿಂದ ಮುಚ್ಚಿ, ಕೈಪಂಪಿನಿಂದ 7 ಪಿಎಸ್‌ಐ ಗಾಳಿ ತುಂಬಿ, ಸೋಪಿನ ನೀರು ಹಚ್ಚಿ. ಗುಳ್ಳೆ ಎಲ್ಲಿ ಬರುತ್ತದೋ ಅಲ್ಲಿ ಸೋರಿಕೆ. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದ ಹಾಗೆಯೇ.

ಪೆಟ್ರೋಲಿಗೆ ಎಷ್ಟು ಎಣ್ಣೆ? ಟ್ಯಾಂಕಿನ ಮೇಲೆ 16:1 ಎಂದಿದೆ.

ಅದು ಆ ಕಾಲದ ದಪ್ಪ ಎಣ್ಣೆಯ ಲೆಕ್ಕ. ಈಗಿನ ಒಳ್ಳೆಯ 2ಟಿ ಎಣ್ಣೆಯಾದರೆ ನಾನು 32:1 ಬೆರೆಸುತ್ತೇನೆ. ಲೀಟರಿಗೆ 31 ಮಿಲಿ. ಹೊಗೆ ಸ್ವಲ್ಪ ಬರುತ್ತದೆ, ಬರಲಿ.

ಎಣ್ಣೆಗಿಂತ ಎಥೆನಾಲ್ ಚಿಂತೆಯ ವಿಷಯ. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 10, ಭಾರತದಲ್ಲಿ ಈಗ ಶೇ. 20 ಎಥೆನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಎಥೆನಾಲ್ ಇಲ್ಲದ್ದು ಸಿಗುವ ಬಂಕ್ ನಮ್ಮ ಊರಿನಿಂದ ಹನ್ನೆರಡು ಮೈಲಿ. ನಾನು ಹೋಗುತ್ತೇನೆ.

ಹೊಸದಾಗಿ ಬಣ್ಣ ಹೊಡೆಸಬೇಕೇ?

ನಿಮ್ಮ ಇಷ್ಟ. ನಾನು ಹೊಡೆಯುವುದಿಲ್ಲ. ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್, ಬಿದಿರಿನ ಚೂಪು ಕಡ್ಡಿ ಇಷ್ಟರಲ್ಲಿ ಎಷ್ಟು ಚೊಕ್ಕಟವಾಗುತ್ತದೋ ಅಷ್ಟೇ ಸಾಕು. ಹಿಂಬದಿಯ ಹಿಡಿಕೆಯಲ್ಲಿ ಯಾರದೋ ಅಂಗೈ ಸವೆಸಿದ ಜಾಗ ಇರುತ್ತದಲ್ಲ, ಅದರ ಮೇಲೆ ಬಣ್ಣ ಬಳಿಯಲು ಮನಸ್ಸು ಬರುವುದಿಲ್ಲ. ಬಳಿಯುವುದೇ ಆದರೆ ಪೆಟ್ರೋಲಿಗೆ ಏಳದ ಬಣ್ಣವನ್ನು ಆರಿಸಿ, ಇಲ್ಲವಾದರೆ ಮೊದಲ ಸಲ ಟ್ಯಾಂಕ್ ತುಂಬುವಾಗಲೇ ಸುಲಿಯುತ್ತದೆ.

ಒಂದು ಎಚ್ಚರಿಕೆ. ಮೆಗ್ನೀಸಿಯಂ ಭಾಗಗಳನ್ನು ಉಜ್ಜಿದ, ಕೊರೆದ ಪುಡಿಗೆ ಬೆಂಕಿ ಹತ್ತಬಹುದು. ಹತ್ತಿದರೆ ನೀರು ಹಾಕಬಾರದು, ಇನ್ನಷ್ಟು ಉರಿಯುತ್ತದೆ. ಒಣ ಮರಳಿನ ಬಕೆಟ್ಟು ಪಕ್ಕದಲ್ಲಿರಲಿ.

ಬಿಡಿಭಾಗ ಎಲ್ಲಿ ಸಿಗುತ್ತದೆ?

ಸತ್ತ ಯಂತ್ರಗಳಲ್ಲಿ. ಒಂದೇ ಮಾದರಿಯ ಎರಡು ಕೆಟ್ಟವು ಸೇರಿ ಒಂದು ಒಳ್ಳೆಯದಾಗುತ್ತದೆ. ಸೀಲು, ಬೇರಿಂಗ್ ಬಹಳಷ್ಟು ಸಲ ಸಾಮಾನ್ಯ ಅಳತೆಯವು. ಅಳೆದುಕೊಂಡು ಬೇರಿಂಗ್ ಅಂಗಡಿಗೆ ಹೋದರೆ ಸಿಗುತ್ತವೆ. ಮೆಕಲಕ್‌ನ ದೊಡ್ಡ 123 ಸಿಸಿ ಎಂಜಿನ್ನುಗಳ ಭಾಗಗಳಿಗೆ ಮಾತ್ರ ಬೆಲೆ ವಿಪರೀತ, ಯಾಕೆಂದರೆ ಆ ಎಂಜಿನ್ನಿನ ಸೋದರರೇ ಗೋ-ಕಾರ್ಟ್ ಪಂದ್ಯಗಳಲ್ಲಿ ಓಡಿದವು. ಹಳೆಯ ಕಾರ್ಟ್ ಹುಚ್ಚಿನವರೂ ಅದೇ ಪಿಸ್ಟನ್ನಿಗೆ ಕೈಚಾಚುತ್ತಾರೆ.

ಟ್ಯೂನಿಂಗ್ ಕಿವಿಯಿಂದ ಮಾಡಬಹುದೇ?

ಮಾಡಬಹುದು, ಕಿವಿಗೆ ಅಭ್ಯಾಸ ಬೇಕು. ಕಾರ್ಬ್ಯುರೇಟರಿನ ಎರಡು ಸೂಜಿ ಸ್ಕ್ರೂಗಳನ್ನೂ ಮೆತ್ತಗೆ ಪೂರ್ತಿ ಮುಚ್ಚಿ, ಒಂದೊಂದು ಸುತ್ತು ತೆರೆದು ಶುರು ಮಾಡಿ. ಎಂಜಿನ್ ಬಿಸಿಯಾದ ಮೇಲೆ, ಮರಕ್ಕೆ ತಾಗಿಸದೆ ಪೂರ್ತಿ ವೇಗ ಕೊಟ್ಟಾಗ ಸದ್ದು ಒಡೆದೊಡೆದು, ಹುಕ್ಕಾ ಎಳೆದ ಹಾಗೆ ಗುಳುಗುಳು ಎನ್ನಬೇಕು. ಮರಕ್ಕೆ ಇಳಿಸಿದ ಕೂಡಲೇ ಆ ಗುಳುಗುಳು ಹೋಗಿ ಸದ್ದು ಒಂದೇ ಎಳೆಯಾಗಬೇಕು. ಗಾಳಿಯಲ್ಲೇ ಸದ್ದು ಶುದ್ಧವಾಗಿ, ಕೀರಲಾಗಿ ಕೇಳಿದರೆ ಕಿವಿಗೆ ಇಂಪು, ಪಿಸ್ಟನ್ನಿಗೆ ಸಾವು. ಕೂಡಲೇ ಸ್ಕ್ರೂ ಸ್ವಲ್ಪ ತೆರೆಯಿರಿ.

ಎರಡು ಹಳೆಯ ಯಂತ್ರಗಳನ್ನು ನ್ಯಾಯವಾಗಿ ಹೋಲಿಸುವುದು ಹೇಗೆ?

ಹೆಚ್ಚಿನವರು ಹೋಲಿಸುವುದು ಯಂತ್ರಗಳನ್ನಲ್ಲ, ಚೈನ್‌ಗಳನ್ನು. ಇದನ್ನು ನಾನು ಕಲಿತದ್ದು ಮುಖಭಂಗದಿಂದ.

ಎಕ್ಸ್‌ಎಲ್-12 ಮತ್ತು 10-10 ಎರಡೂ 54 ಸಿಸಿ, ಹೆಚ್ಚುಕಡಿಮೆ ಒಂದೇ ಕಾಲದವು. ಒಂದು ಭಾನುವಾರ ಗೆಳೆಯರನ್ನು ಕರೆದು ಡಗ್ಲಸ್ ಫರ್ ದಿಮ್ಮಿ ಇಟ್ಟು ಸ್ಟಾಪ್‌ವಾಚ್ ಹಿಡಿದೆವು. ಹಳದಿ ಮೆಕಲಕ್ ನಿರಾಯಾಸವಾಗಿ ಗೆದ್ದಿತು, ಹೋಮ್‌ಲೈಟ್ ನಾಲ್ಕೈದು ಸೆಕೆಂಡ್ ಹಿಂದೆ. ನಾನು ಎರಡು ವಾರ ಎಲ್ಲರಿಗೂ ಮೆಕಲಕ್ ಗುಣಗಾನ ಮಾಡಿದೆ. ಆಮೇಲೆ ಹೋಮ್‌ಲೈಟಿನ ಚೈನನ್ನು ಬೆಳಕಿಗೆ ಹಿಡಿದು ನೋಡಿದರೆ ಬಲಗಡೆಯ ಹಲ್ಲುಗಳ ತುದಿಯಲ್ಲಿ ಬಿಳಿ ಗೆರೆ ಮಿನುಗುತ್ತಿತ್ತು. ಹರಿತವಾದ ಅಂಚು ಬೆಳಕನ್ನು ಮಿನುಗಿಸುವುದಿಲ್ಲ, ಮೊಂಡಾದದ್ದು ಮಿನುಗುತ್ತದೆ.

ಎರಡನೆಯ ಸಲ ಒಂದೇ ಸುರುಳಿಯಿಂದ ಎರಡು ಹೊಸ ಚೈನ್ ಕತ್ತರಿಸಿ ಜೋಡಿಸಿದೆ. ಬಾರುಗಳನ್ನು ಅದಲುಬದಲು ಮಾಡಲಾಗುವುದಿಲ್ಲ, ಎರಡು ಕಂಪನಿಗಳ ಬೋಲ್ಟಿನ ಜಾಗ ಬೇರೆ. ಆದರೆ ಉದ್ದ ಒಂದೇ ಇರುವ ಬಾರ್ ಹಾಕಬಹುದು. ಚೈನನ್ನು ಓಡಿಸುವ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್ಟಿನ, ಹಲ್ಲುಗಳೂ ಒಂದೇ ಸಂಖ್ಯೆಯಲ್ಲಿರಬೇಕು. ಏಳರ ಬದಲು ಎಂಟಿದ್ದರೆ ಚೈನಿನ ವೇಗವೇ ಬೇರೆ. ದಿಮ್ಮಿಯ ಸಿಪ್ಪೆ ತೆಗೆಸಿ, ಮಿಲ್ಲಿನಲ್ಲಿ ಚೌಕ ಮಾಡಿಸಿದೆ, ಪ್ರತಿ ಕೊಯ್ತವೂ ಒಂದೇ ಅಳತೆಯದಾಗಲಿ ಎಂದು. ಗಂಟು ಒಬ್ಬರ ಪಾಲಿಗೇ ಬರಬಾರದೆಂದು ಒಂದು ಕೊಯ್ತ ಇದು, ಮುಂದಿನದು ಅದು. ಇಬ್ಬರ ಟ್ಯಾಂಕೂ ಅರ್ಧ, ಎಂಜಿನ್ ಎರಡೂ ಬಿಸಿ, ಮೊದಲ ಕೊಯ್ತ ಲೆಕ್ಕಕ್ಕಿಲ್ಲ. ಹಿಡಿದವನು ಒಬ್ಬನೇ, ಒತ್ತುವಂತಿಲ್ಲ, ಯಂತ್ರದ ತೂಕಕ್ಕೇ ಬಿಡಬೇಕು.

ಆರು ಆರು ಕೊಯ್ತವಾದಮೇಲೆ ಅಂತರ ಎಷ್ಟಿತ್ತೆಂದರೆ, ಸ್ಟಾಪ್‌ವಾಚ್ ಒತ್ತುವ ಹೆಬ್ಬೆರಳಿನ ತಪ್ಪು ಅದಕ್ಕಿಂತ ದೊಡ್ಡದು. ಎರಡು ಕೊಯ್ತಗಳಲ್ಲಿ ಹೋಮ್‌ಲೈಟೇ ಮುಂದಿತ್ತು. ಗೆಳೆಯರು ಯಾರೂ ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಹಾಗಾಗಿ ಈಗ ನಾನು ಸೆಕೆಂಡುಗಳ ಪಕ್ಕದಲ್ಲಿ ಬೇರೆಯವನ್ನೂ ಬರೆದುಕೊಳ್ಳುತ್ತೇನೆ. ಟ್ಯಾಂಕ್ ತುಂಬಿದಾಗಿನ ನಿಜವಾದ ತೂಕ, ಬಿಸಿಯಾಗಿದ್ದಾಗ ಎಷ್ಟನೆಯ ಎಳೆತಕ್ಕೆ ಹೊತ್ತಿತು, ಹತ್ತು ನಿಮಿಷ ಹಿಡಿದಮೇಲೆ ಬೆರಳು ಎಷ್ಟು ಜೋಮು ಹಿಡಿಯಿತು, ಚೈನಿಗೆ ಎಣ್ಣೆ ಬಿಡುವ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತಲೇ ಇರಬೇಕೇ ಅಥವಾ ತಾನಾಗಿ ಬರುತ್ತದೆಯೇ. ದಿನವಿಡೀ ಕಾಡಿನಲ್ಲಿ ದುಡಿದವನಿಗೆ ಇವೇ ಮುಖ್ಯವಾಗಿದ್ದವು.

ಚೈನ್ ಹರಿತ ಮಾಡುವುದು ಕಷ್ಟವೇ?

ಕುಡುಗೋಲು ಮಸೆಯಲು ಬರುವವರಿಗೆ ಅರ್ಧ ದಿನದ ಪಾಠ. ಮೊದಲು ಚೈನಿನ ಪಿಚ್ ತಿಳಿಯಬೇಕು: ಸಾಲಾಗಿರುವ ಮೂರು ರಿವೆಟ್ಟುಗಳ ದೂರ ಅಳೆದು ಎರಡರಿಂದ ಭಾಗಿಸಿ. 3/8 ಇಂಚಿನದಕ್ಕೆ 5.5 ಮಿಲಿಮೀಟರ್ ದುಂಡು ಅರ. ಹಲ್ಲಿನ ಮೇಲಂಚಿಗೆ ಸುಮಾರು 30 ಡಿಗ್ರಿ ಓರೆ, ಒಳಗಿಂದ ಹೊರಗೆ, ಒಂದೊಂದು ಹಲ್ಲಿಗೂ ಅಷ್ಟಷ್ಟೇ ಎಳೆತ. ಹಲ್ಲಿನ ಮುಂದಿರುವ ಗುಬುಟನ್ನು 0.025 ಇಂಚು ತಗ್ಗಿಸಿಡಿ. ಅದು ಎತ್ತರವಿದ್ದರೆ ಎಷ್ಟೇ ಹರಿತವಿದ್ದರೂ ಹುಡಿ ಬರುತ್ತದೆಯೇ ಹೊರತು ಚಕ್ಕೆ ಬರುವುದಿಲ್ಲ.

ಈ ಹಲ್ಲಿನ ಆಕಾರ ಹುಟ್ಟಿದ್ದು ನಮ್ಮ ಆರೆಗನ್ನಿನಲ್ಲೇ. 1946ರಲ್ಲಿ ಜೋ ಕಾಕ್ಸ್ ಎಂಬ ಮರ ಕಡಿಯುವವ ಸೌದೆ ಒಡೆಯುವಾಗ, ಕಾಂಡ ಕೊರೆಯುವ ಜೀರುಂಡೆಯ ಮರಿಹುಳು ಮರವನ್ನು ಎಡಕ್ಕೂ ಬಲಕ್ಕೂ ತಿಂದುಕೊಂಡು ಹೋಗುವುದನ್ನು ಕಂಡ. ಅದರ ಬಾಗಿದ ದವಡೆಯನ್ನೇ ನೋಡಿಕೊಂಡು ಎಡಬಲ ಹಲ್ಲುಗಳ ಚೈನ್ ಮಾಡಿ 1947ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಮಾರಾಟಕ್ಕೆ ಇಟ್ಟ. ಅದಕ್ಕೆ ಮೊದಲಿನ ಚೈನ್‌ಗಳು ಕೈಗರಗಸದ ಹಲ್ಲಿನಂತೆ ಗೀರುತ್ತಿದ್ದವು, ಬಹುಬೇಗ ಮೊಂಡಾಗುತ್ತಿದ್ದವು. ನಮ್ಮ ಕಾಫಿ ಬೆಳೆಗಾರರು ಕಾಂಡಕೊರಕ ಹುಳುವಿಗೆ ಹಾಕುವ ಶಾಪಕ್ಕೆ ಲೆಕ್ಕವಿಲ್ಲ. ಅದರ ದೂರದ ನೆಂಟ ಇಲ್ಲಿ ಒಬ್ಬನಿಗೆ ಕಂಪನಿಯನ್ನೇ ಕಟ್ಟಿಕೊಟ್ಟಿತು.

ಈ ಯಂತ್ರಗಳಿಂದ ನಿಜವಾಗಿ ಮರ ಕಡಿಯಬಹುದೇ?

ನೆಲದ ಮೇಲಿರುವ ದಿಮ್ಮಿ ಕೊಯ್ಯುತ್ತೇನೆ. ನಿಂತ ಮರಕ್ಕೆ ಹಳೆಯ ಯಂತ್ರ ಒಯ್ಯುವುದಿಲ್ಲ. ಬಾರಿನ ತುದಿಯ ಮೇಲ್ಭಾಗ ಏನಕ್ಕಾದರೂ ತಾಗಿದರೆ ಇಡೀ ಯಂತ್ರ ಮುಖದ ಕಡೆಗೆ ಒದೆಯುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ. ಈಗಿನ ಯಂತ್ರದಲ್ಲಿ ಆ ಕ್ಷಣದಲ್ಲಿ ಚೈನನ್ನು ಹಿಡಿದು ನಿಲ್ಲಿಸುವ ಬ್ರೇಕ್ ಇದೆ. ಹಳೆಯದರಲ್ಲಿ ಇರುವುದು ನಿಮ್ಮ ಎಡಗೈ ಮಾತ್ರ. ಹೆಬ್ಬೆರಳನ್ನು ಹಿಡಿಕೆಯ ಸುತ್ತ ಹಾಕಿ, ಬಾರಿನ ನೇರದಲ್ಲಿ ತಲೆ ಇಡದೆ, ಪಕ್ಕಕ್ಕೆ ನಿಲ್ಲಿ. ಹೆಲ್ಮೆಟ್, ಮುಖಪರದೆ, ಕಿವಿಮುಚ್ಚಳ, ಚೈನ್ ತಡೆಯುವ ಕಾಲುಕವಚ ಇಲ್ಲದೆ ನನ್ನ ಅಂಗಳದಲ್ಲಿ ಯಾರಿಗೂ ಹಗ್ಗ ಎಳೆಯಲು ಬಿಡುವುದಿಲ್ಲ, ಅತ್ತೆಯ ಮನೆಯವರಿಗೂ.

ಕಂಪನವೂ ಸಣ್ಣ ವಿಷಯವಲ್ಲ. ಕಂಪನ ತಡೆಯುವ ರಬ್ಬರ್ ಇಲ್ಲದ ಯಂತ್ರಗಳನ್ನು ವರ್ಷಗಟ್ಟಲೆ ಹಿಡಿದವರ ಬೆರಳುಗಳಿಗೆ ರಕ್ತ ಹರಿಯುವುದು ಕುಂದಿ, ಚಳಿಯಲ್ಲಿ ಸುಣ್ಣದಂತೆ ಬಿಳಿಚುತ್ತವೆ. ಹವ್ಯಾಸಕ್ಕೆ ಹತ್ತು ನಿಮಿಷ ಸಾಕು.

ಒಂದನ್ನು ಊರಿಗೆ ತಂದುಕೊಡುತ್ತೀರಾ? ತೋಟದಲ್ಲಿ ಸಿಲ್ವರ್ ಓಕ್ ಇದೆ.

ಈ ಪ್ರಶ್ನೆ ಕೇಳುವವನು ನನ್ನ ಚಿಕ್ಕಪ್ಪನ ಮಗ, ಪ್ರತಿ ಡಿಸೆಂಬರಿನಲ್ಲಿ. ಪೆಟ್ರೋಲ್ ಕುಡಿದ ಎಂಜಿನ್ನನ್ನು ವಿಮಾನದವರು ಲಗೇಜಿನಲ್ಲಿ ಬಿಡುವುದಿಲ್ಲ, ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ. ತೋಟದ ಕೆಲಸಕ್ಕೆ ಚೈನ್ ಬ್ರೇಕ್ ಇರುವ ಹೊಸದೇ ಸರಿ, ಭಾಗಗಳೂ ಅಲ್ಲೇ ಸಿಗುತ್ತವೆ. ಮರ ಕಡಿಯುವುದಕ್ಕೆ ಮುಂಚೆ ಆ ಜಾತಿಗೆ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಬೇಕು. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ.

ಹಳೆಯದರ ರುಚಿಯೇ ಬೇಕೆಂದರೆ ಸ್ಟೀಲ್ 070 ಹುಡುಕಲಿ. 1960ರ ದಶಕದ ಕೊನೆಯಲ್ಲಿ ಬಂದ, ಕಾಂಟ್ರಾದ ವಂಶದ 106 ಸಿಸಿ ಯಂತ್ರ. ಯುರೋಪಿನಲ್ಲಿ ಹಳತಾದ ಮೇಲೂ ಏಷ್ಯಾದ ದೇಶಗಳಲ್ಲಿ ಬಹುಕಾಲ ಮಾರಾಟವಾಯಿತು. ಅದರ ಚೀನೀ ನಕಲುಗಳೂ ಬೇಕಾದಷ್ಟಿವೆ. ಎರಕದ ಅಂಚು ಒರಟಾಗಿದ್ದು ಅಕ್ಷರಗಳು ಮಸುಕಾಗಿದ್ದರೆ ನಕಲು ಎಂದು ಸಂಶಯ ಪಡಲಿ.

ಬಳಸದೆ ಇಡುವಾಗ ಏನು ಮಾಡಬೇಕು?

ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬ್ಯುರೇಟರ್ ಒಣಗಲಿ. ಪ್ಲಗ್ಗಿನ ತೂತಿಗೆ ಒಂದು ಚಮಚ 2ಟಿ ಎಣ್ಣೆ ಹಾಕಿ ಮೂರು ಸಲ ಮೆಲ್ಲಗೆ ಎಳೆದು ಪ್ಲಗ್ ಮುಚ್ಚಿ. ಚೈನ್ ಸಡಿಲಿಸಿ. ಹಿಡಿಕೆಗೆ ಒಂದು ಚೀಟಿ ಕಟ್ಟಿ: ಕೊನೆಯದಾಗಿ ಓಡಿಸಿದ ದಿನ, ಸ್ಕ್ರೂಗಳು ಎಷ್ಟೆಷ್ಟು ಸುತ್ತು ತೆರೆದಿವೆ, ಯಾವ ಕಿಟ್ ಹಾಕಿದ್ದೀರಿ. ನೆನಪಿರುತ್ತದೆ ಎಂದುಕೊಳ್ಳಬೇಡಿ. ನನ್ನಲ್ಲಿ ಚೀಟಿ ಇಲ್ಲದ ನಾಲ್ಕು ಯಂತ್ರಗಳಿವೆ, ಅವುಗಳಲ್ಲಿ ಒಂದರ ಕಾರ್ಬ್ಯುರೇಟರನ್ನು ಈ ವಾರ ಮತ್ತೆ ಬಿಚ್ಚಿದಾಗ ಒಳಗೆ ಹೊಸ ಡಯಾಫ್ರಮ್ ಇತ್ತು.